ವಿಷಯ: ಕತ್ತರಿ ಮೇಡಂ ಅವರ ಜ್ಞಾಪಕಶಕ್ತಿ ಹೆಚ್ಚಿಸುವ ಬಗ್ಗೆ

ಬೆಂಕಿ ಯಾರಿಗೂ ಕಾಯುವುದಿಲ್ಲ ಎಂಬುದನ್ನು ನಮ್ಮ ಅಗ್ನಿಶಾಮಕ ಇಲಾಖೆ ಅಧಿಕೃತವಾಗಿ ಒಪ್ಪಿಕೊಂಡಿದೆ. ಈ ಕುರಿತು ಸುತ್ತೋಲೆಯೂ ಇದೆ. ಅದರ ಕರಡು ಪ್ರತಿಗೆ ಒಪ್ಪಿಗೆ ಸಿಗಲು ಹದಿನಾಲ್ಕು ತಿಂಗಳು ಹಿಡಿಯಿತು. ನಾನು ಇಲ್ಲಿನ ಆವಕ-ಜಾವಕ ಗುಮಾಸ್ತ. ಒಳಗೆ ಬರುವ ಕಾಗದಕ್ಕೂ ಹೊರಗೆ ಹೋಗುವ ಕಾಗದಕ್ಕೂ ನಂಬರು ಹಾಕುವವನು. ಮುಂದೆ ಹೇಳುವುದೆಲ್ಲ ನನ್ನ ಮೇಜನ್ನು ದಾಟಿಯೇ ಹೋಗಿದೆ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು ಎಂದು ಮೊದಲೇ ದೃಢೀಕರಿಸಿಬಿಡುತ್ತೇನೆ.

ಹೋದ ವರ್ಷ ಎಂಟು ಅಂತಸ್ತಿನ ಕಟ್ಟಡವೊಂದರಲ್ಲಿ ಹೊಗೆ ತುಂಬಿಕೊಂಡಾಗ ಹನ್ನೊಂದು ಮಂದಿ ಮೆಟ್ಟಿಲು ಬಿಟ್ಟು ಲಿಫ್ಟಿಗೆ ನುಗ್ಗಿದರು. ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತುಬಿಟ್ಟಿತು. ನಮ್ಮವರು ಬಾಗಿಲು ಮೀಟಿ ಎಲ್ಲರನ್ನೂ ಜೀವಂತ ತೆಗೆದರು. ಆದರೆ ಒಳಗಿದ್ದಷ್ಟು ಹೊತ್ತು ಯಾರು ಮೊದಲು ನುಗ್ಗಿದ್ದು ಎಂಬ ಬಗ್ಗೆ ಆದ ಮಾತಿಗೆ ಮೂರು ಮನೆಯವರು ಈಗಲೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಜನರಿಗೆ ತಿಳಿವಳಿಕೆ ಕೊಡಲೇಬೇಕೆಂದು ಇಲಾಖೆ 'ಲಿಫ್ಟು ಬೇಡ, ಮೆಟ್ಟಿಲು ಹಿಡಿ' ಎಂಬ ನಾಲ್ಕು ನಿಮಿಷದ ಚಿತ್ರ ತೆಗೆಯಲು ತೀರ್ಮಾನಿಸಿತು. ರಜೆ ಮುಗಿಯುವುದರೊಳಗೆ ಅದು ಎಲ್ಲ ಶಾಲೆಗಳಿಗೂ ಮುಟ್ಟಬೇಕಿತ್ತು.

ಚಿತ್ರೀಕರಣಕ್ಕೆ ಹೊಸ ಕ್ಯಾಮೆರಾ ಬಂತು. ಕ್ಯಾಮೆರಾ ಎಲ್ಲರ ಕಣ್ಣಿಗೂ ಬೀಳುವ ವಸ್ತುವಾದ್ದರಿಂದ ಅತ್ಯುತ್ತಮವಾದುದನ್ನೇ ತರಿಸಿ, ರಿಬ್ಬನ್ ಕತ್ತರಿಸಿ ಉದ್ಘಾಟಿಸಲಾಯಿತು. ಅದು ತೆಗೆದ ಚಿತ್ರದಲ್ಲಿ ಎದುರು ಕಟ್ಟಡದ ಕಿಟಕಿಯಲ್ಲಿ ಒಣಗಿಸಿದ್ದ ಕಾಲುಚೀಲದ ತೂತೂ ಕಾಣುತ್ತಿತ್ತು. ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಕಂಪ್ಯೂಟರ್ ಮಾತ್ರ ಮೇಜಿನ ಕೆಳಗೆ ಇರುವ ವಸ್ತು. ಅದಕ್ಕೆ ಒಂಬತ್ತು ವರ್ಷ ತುಂಬಿತ್ತು.

ಈ ಕಂಪ್ಯೂಟರಿನ ಮುಂದೆ ಕೂರುವವರು ಪ್ರಚಾರ ಶಾಖೆಯ ಏಕೈಕ ಎಡಿಟರ್. ಬೇಡದ್ದನ್ನು ಕತ್ತರಿಸುವುದೇ ಅವರ ಉದ್ಯೋಗವಾದ್ದರಿಂದ ಇಡೀ ಕಚೇರಿ ಅವರನ್ನು ಕತ್ತರಿ ಮೇಡಂ ಅನ್ನುತ್ತದೆ. ನಲವತ್ತೆರಡು ವಯಸ್ಸು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು, ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಚಿತ್ರದಲ್ಲಿ ಹೊಗೆಯಿಂದ ತಪ್ಪಿಸಿಕೊಳ್ಳುವ ಅಜ್ಜಿಯ ಪಾತ್ರವಿತ್ತು. ನಟಿಯನ್ನು ಕರೆಸಲು ಅವಕಾಶವಿಲ್ಲ ಎಂದು ಮೇಲಿನಿಂದ ಉತ್ತರ ಬಂದಾಗ ಮೇಡಂ ತಮ್ಮ ಅತ್ತೆಯನ್ನೇ ಕರೆತಂದರು. ಎಪ್ಪತ್ತಾರರ ಆ ಮುದುಕಿ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಹೊಗೆಯ ಅಡಿಯಲ್ಲಿ ತೆವಳಿ, ಹದಿನಾರು ಮೆಟ್ಟಿಲು ಇಳಿದು ತೋರಿಸಿದರು. ಐದು ಸಲ ಮಾಡಿಸಿದರೂ ಬೇಸರಿಸಲಿಲ್ಲ.

"ನಾನು ಹಿಂದೆ ತೆವಳಿದ್ದು ಎಪ್ಪತ್ತೈದು ವರ್ಷದ ಹಿಂದೆ. ಆದ್ರೂ ಅಭ್ಯಾಸ ತಪ್ಪಿಲ್ಲ ನೋಡಿ," ಎಂದು ಕ್ಯಾಮೆರಾದವರಿಗೆ ಹೇಳಿದರಂತೆ.

ಅಂದಿನಿಂದ ಸೊಸೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವರ ಪ್ರಶ್ನೆ ಒಂದೇ.

"ಮುಗೀತೇನಮ್ಮಾ?"

"ಇಲ್ಲ ಅತ್ತೆ. ನೀವಿನ್ನೂ ಬಾಗಿಲಲ್ಲೇ ನಿಂತಿದ್ದೀರಿ."

ಇದು ಅಕ್ಷರಶಃ ನಿಜವಾಗಿತ್ತು. ಹೊಸ ಕ್ಯಾಮೆರಾದ ಭಾರೀ ಚಿತ್ರಗಳನ್ನು ಎಳೆಯಲು ಹಳೇ ಯಂತ್ರಕ್ಕೆ ಆಗುತ್ತಿರಲಿಲ್ಲ. ಮೇಡಂ ಪ್ಲೇ ಒತ್ತಿದರೆ ಅತ್ತೆ ಬಾಗಿಲಲ್ಲಿ ಒಂದು ಕಾಲು ಎತ್ತಿಕೊಂಡು ಹನ್ನೊಂದು ಸೆಕೆಂಡು ಹಾಗೇ ನಿಲ್ಲುತ್ತಿದ್ದರು. ಆಮೇಲೆ ನೇರವಾಗಿ ಕೆಳಗಿನ ಅಂಗಳದಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ನಡುವಿನ ಹದಿನಾರು ಮೆಟ್ಟಿಲು ಏನಾದವೆಂದು ಕಂಪ್ಯೂಟರಿಗೂ ಗೊತ್ತಿರಲಿಲ್ಲ. ಮೆಟ್ಟಿಲು ಹಿಡಿಯಿರಿ ಎಂದು ಹೇಳುವ ಚಿತ್ರದಲ್ಲಿ ಮೆಟ್ಟಿಲೇ ಕಾಣಿಸದಿದ್ದರೆ ಎಲ್ಲಿ ಕತ್ತರಿಸುವುದು, ಎಲ್ಲಿ ಜೋಡಿಸುವುದು? ಮೇಡಂ ಚಿತ್ರದ ಗಾತ್ರ ಇಳಿಸಿ ಸಣ್ಣ ನಕಲು ಮಾಡಿಕೊಳ್ಳಲು ನೋಡಿದರು. ಒಂದು ತುಣುಕಿನ ನಕಲಿಗೆ ಎರಡು ದಿನ ಹಿಡಿಯಿತು. ಮೂರನೇ ದಿನ ಡಿಸ್ಕು ತುಂಬಿದೆಯೆಂದು ಯಂತ್ರ ಕೈಚೆಲ್ಲಿತು.

ಅತ್ತೆಯ ಅವಸರಕ್ಕೆ ಇನ್ನೊಂದು ಕಾರಣವಿತ್ತು. ಅವರ ಬಲಗಣ್ಣು ಆಗಲೇ ಮಂಜಾಗಿತ್ತು, ಎಡಗಣ್ಣೂ ಅದೇ ಹಾದಿಯಲ್ಲಿತ್ತು. ಇನ್ನಾರು ತಿಂಗಳು ಕಂಡೀತು ಎಂದಿದ್ದರು ವೈದ್ಯರು. ಇದನ್ನು ಮೇಡಂ ಆಗ ಯಾರಿಗೂ ಹೇಳಿರಲಿಲ್ಲ. ಅರ್ಜಿಯಲ್ಲಿ ಬರೆಯಲು ಅದಕ್ಕೆ ಜಾಗವೂ ಇರಲಿಲ್ಲ.

ಎದುರು ರಸ್ತೆಯ ಕಂಪ್ಯೂಟರ್ ರಿಪೇರಿಯವನು ಬಂದು, ಡಬ್ಬ ಬಿಚ್ಚಿ, ಉಫ್ ಎಂದು ಊದಿದ. ಧೂಳಿಗೆ ಮೂರು ಜನ ಸೀನಿದರು.

"ಮೇಡಂ, RAM, ಅಂದ್ರೆ ಮೆಮೊರಿ, ಎಂಟು ಜೀಬಿ ಇದೆ, ಮೂವತ್ತೆರಡು ಮಾಡಿ. ಈ ತಿರುಗೋ ಡಿಸ್ಕ್ ಕಿತ್ತು SSD ಅನ್ನೋ ಸಾಲಿಡ್ ಡಿಸ್ಕ್ ಹಾಕಿ. ಒಂದು ಗ್ರಾಫಿಕ್ಸ್ ಕಾರ್ಡ್ ಕೂರಿಸಿ. ನೀರು ಹರಿದ ಹಾಗೆ ಓಡುತ್ತೆ. ಅರ್ಧ ಗಂಟೆ ಕೆಲಸ. ಅಷ್ಟರಲ್ಲಿ ನನಗೊಂದು ಟೀ ಹೇಳಿ ಸಾಕು."

ಸ್ವಂತ ದುಡ್ಡಿನಿಂದಲೇ ಹಾಕಿಸಿಕೊಳ್ಳುತ್ತೇನೆಂದು ಮೇಡಂ ಹೊರಟರು. ಆದರೆ ಸರ್ಕಾರಿ ಯಂತ್ರದೊಳಗೆ ಖಾಸಗಿ ವಸ್ತು ಇರಕೂಡದು ಎಂಬ ನಿಯಮವನ್ನು ನಾನೇ ಅವರ ಗಮನಕ್ಕೆ ತಂದೆ. ರಿಪೇರಿಯವನು ಟೀ ಕುಡಿದು ಹೋದ. ಮೇಡಂ ಅರ್ಧ ಪುಟದ ಕೋರಿಕೆ ಬರೆದುಕೊಟ್ಟರು. ನಾನು ನಂಬರು ಹಾಕಿದೆ.

ಕೋರಿಕೆಯಲ್ಲಿ ಪರಭಾಷೆಯ ಪದಗಳಿದ್ದುದರಿಂದ ಅದು ಭಾಷಾಂತರ ಶಾಖೆಗೆ ಹೋಯಿತು. ಅಲ್ಲಿನ ಭಾಷಾಂತರಕಾರರು ಕೈಬಿಟ್ಟ ಪದ ಇದುವರೆಗೆ ಒಂದೂ ಇಲ್ಲ. ಅವರು ಶುದ್ಧೀಕರಿಸಿ ಕಳಿಸಿದ ಪ್ರತಿ ಹೀಗಿತ್ತು: "ಸಂಕಲನ ಘಟಕದ ಜ್ಞಾಪಕಶಕ್ತಿಯು ಕೆಲಸಕ್ಕೆ ಸಾಲದಿರುವುದರಿಂದ ಅದನ್ನು ನಾಲ್ಕು ಪಟ್ಟು ಹೆಚ್ಚಿಸಿಕೊಡುವಂತೆಯೂ, ಒಂದು ಗಟ್ಟಿ ತಟ್ಟೆ ಹಾಗೂ ಒಂದು ಚಿತ್ರಪತ್ರವನ್ನು ಒದಗಿಸುವಂತೆಯೂ ಕೋರಿದೆ."

ಸಂಕಲನ ಘಟಕ ಎಂದರೆ ಕತ್ತರಿ ಮೇಡಂ ಒಬ್ಬರೇ.

ಎರಡೇ ದಿನದಲ್ಲಿ ಕ್ಯಾಂಟೀನಿನವರು ಒಂದು ದಪ್ಪ ಸ್ಟೀಲ್ ತಟ್ಟೆ ಕಳಿಸಿಕೊಟ್ಟರು. ನಾಲ್ಕನೇ ದಿನ ಸಿಬ್ಬಂದಿ ಕ್ಷೇಮಾಭಿವೃದ್ಧಿ ಶಾಖೆಯಿಂದ ಜಲಪಾತದ ಬಣ್ಣದ ಚಿತ್ರವಿರುವ ಅಂಚೆ ಕಾರ್ಡು ಬಂತು. ಮೂರು ಕೋರಿಕೆಗಳಲ್ಲಿ ಎರಡು ಒಂದೇ ವಾರದಲ್ಲಿ ಈಡೇರಿದ್ದು ಇಲಾಖೆಯ ಇತಿಹಾಸದಲ್ಲೇ ಮೊದಲು. ಉಳಿದದ್ದು ಜ್ಞಾಪಕಶಕ್ತಿ. ಅದು ವೈದ್ಯಾಧಿಕಾರಿಗಳ ವ್ಯಾಪ್ತಿಗೆ ಬರುವ ವಿಷಯ.

ವೈದ್ಯಾಧಿಕಾರಿಗಳು ಮೇಡಂ ಅವರನ್ನು ಕೂರಿಸಿ, ನಾಲಗೆ ನೋಡಿ, ಮೊಣಕಾಲಿಗೆ ಸುತ್ತಿಗೆಯಲ್ಲಿ ಬಡಿದು ಕೇಳಿದರು.

"ಮರೆವು ಯಾವಾಗಿನಿಂದ?"

"ನನಗಲ್ಲ ಡಾಕ್ಟ್ರೇ, ಕಂಪ್ಯೂಟರಿಗೆ."

"ಎಲ್ಲರೂ ಮೊದಲು ಹಾಗೇ ಹೇಳೋದು. ಮೊನ್ನೆ ಬೆಳಿಗ್ಗೆ ಏನು ತಿಂದ್ರಿ?"

"ಬ್ರೆಡ್ಡು. ಎರಡು ತುಂಡು. ಒಂದು ಸ್ವಲ್ಪ ಸೀದಿತ್ತು."

"ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರು?"

"ಎಡಕ್ಕಾ, ಬಲಕ್ಕಾ?"

ವೈದ್ಯಾಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಪ್ರಮಾಣಪತ್ರ ಸ್ಪಷ್ಟವಾಗಿತ್ತು: "ಅರ್ಜಿದಾರರ ಜ್ಞಾಪಕಶಕ್ತಿ ಹುದ್ದೆಗೆ ಅಗತ್ಯವಿರುವುದಕ್ಕಿಂತ ಹೆಚ್ಚೇ ಇದೆ. ಇನ್ನೂ ಹೆಚ್ಚಿಸುವುದು ಕಚೇರಿಯ ಹಿತದೃಷ್ಟಿಯಿಂದ ಸೂಕ್ತವಲ್ಲ."

ಪ್ರಮಾಣಪತ್ರ ಹಿಡಿದುಕೊಂಡು ಮೇಡಂ ಶಾಖೆಯ ಮುಖ್ಯಸ್ಥರ ಬಳಿ ಹೋದರು. ಈ ಮುಖ್ಯಸ್ಥರನ್ನು ನಾವು ಕಲಂ ಸಾಹೇಬರು ಅನ್ನುತ್ತೇವೆ. 'ನಮಸ್ಕಾರ' ಎಂದರೂ ಯಾವ ಕಲಮಿನ ಅಡಿಯಲ್ಲಿ ಎಂದು ಯೋಚಿಸುವವರು. ಕೆಟ್ಟವರಲ್ಲ. ಯಾರಿಗಾದರೂ ಸಹಾಯ ಮಾಡಬೇಕೆಂದರೆ ಅವರಿಗೆ ಮೊದಲು ಒಂದು ಕಲಂ ಸಿಗಬೇಕು, ಅಷ್ಟೇ.

ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದರು. ಸಾಹೇಬರು ತಾಳ್ಮೆಯಿಂದ ಕೇಳಿಸಿಕೊಂಡರು.

"ಅಂದರೆ ಈ ಶಕ್ತಿ ಯಂತ್ರದ್ದು. ಸರಿ. ನಿಮ್ಮದರಲ್ಲಿ ಈಗ ಎಷ್ಟಿದೆ ಅಂದ್ರಿ?"

"ಎಂಟು, ಸಾರ್."

"ನನ್ನದರಲ್ಲಿ?"

ಮೇಡಂ ಬಗ್ಗಿ ಸಾಹೇಬರ ಕಂಪ್ಯೂಟರ್ ಪರದೆಯಲ್ಲಿ ನೋಡಿದರು.

"ನಾಲ್ಕು, ಸಾರ್."

ಆ ಸಂಜೆಯೇ ಮೇಡಂ ಅವರಿಗೆ ಮೆಮೊ ಹೋಯಿತು. ಮೇಲಧಿಕಾರಿಯ ಎರಡರಷ್ಟು ಜ್ಞಾಪಕವನ್ನು ಒಂಬತ್ತು ವರ್ಷಗಳ ಕಾಲ ಯಾರ ಗಮನಕ್ಕೂ ತಾರದೆ ಇಟ್ಟುಕೊಂಡಿದ್ದೇಕೆ ಎಂಬುದಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕಿತ್ತು. ಮೇಡಂ ವಿವರಣೆ ಕೊಟ್ಟರು. ಗೊತ್ತಿರಲಿಲ್ಲ, ಕ್ಷಮಿಸಿ ಎಂದಿದ್ದರು. ಉತ್ತಮ ವಿವರಣೆ ಎಂದು ಸಾಹೇಬರು ಷರಾ ಬರೆದರು.

ಆದರೆ ವಿಷಯ ಅಲ್ಲಿಗೆ ನಿಲ್ಲುವಂಥದ್ದಾಗಿರಲಿಲ್ಲ. ವಿಚಾರಿಸುತ್ತ ಹೋದರೆ ಉಪನಿರ್ದೇಶಕರ ಯಂತ್ರ ಅವರ ಟೈಪಿಸ್ಟರ ಯಂತ್ರಕ್ಕಿಂತ ಹಿಂದಿತ್ತು. ನಿರ್ದೇಶಕರದು ಯಾವ ಲೆಕ್ಕಕ್ಕೂ ಇರಲಿಲ್ಲ, ಅದರ ಪ್ಲಗ್ಗನ್ನೇ ಯಾರೋ ಫ್ಯಾನಿಗೆ ಹಾಕಿಕೊಂಡಿದ್ದರು. ಕೂಡಲೇ ಒಂದು ಸಮಿತಿ ರಚಿತವಾಯಿತು. ಸಮಿತಿ ಹನ್ನೆರಡು ಸಭೆ ಸೇರಿ ಹೊರಡಿಸಿದ ಪ್ರಕಟಣೆಗೆ ನಾನೇ ನಂಬರು ಹಾಕಿದ್ದು.

"ಈ ಮೂಲಕ ಸಕಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಯಾವುದೇ ನೌಕರರ ಯಂತ್ರದ ಜ್ಞಾಪಕವು ಅವರ ಮೇಲಧಿಕಾರಿಯ ಯಂತ್ರದ ಜ್ಞಾಪಕದ ಅರ್ಧವನ್ನು ಮೀರತಕ್ಕದ್ದಲ್ಲ. ಯಂತ್ರದ ವೇಗವು ಹುದ್ದೆಯ ಗೌರವವಾಗಿದ್ದು, ಉಪಯೋಗಕ್ಕೂ ಅದಕ್ಕೂ ಸಂಬಂಧ ಕಲ್ಪಿಸತಕ್ಕದ್ದಲ್ಲ."

ಇದರಂತೆ ನಿರ್ದೇಶಕರಿಗೆ ಅರವತ್ತನಾಲ್ಕು ನಿಗದಿಯಾಯಿತು. ಉಪನಿರ್ದೇಶಕರಿಗೆ ಮೂವತ್ತೆರಡು, ಕಲಂ ಸಾಹೇಬರಿಗೆ ಹದಿನಾರು. ಮೇಡಂ ಅವರ ಪಾಲಿಗೆ ಬಂದದ್ದು ಎಂಟು. ಅದು ಅವರ ಬಳಿ ಆಗಲೇ ಇದ್ದುದರಿಂದ 'ಕೋರಿಕೆ ಈಡೇರಿದೆ' ಎಂದು ಬರೆದು ಕಡತ ಮುಚ್ಚಲಾಯಿತು. ರಿಪೇರಿಯವನು ಒಂದೇ ಬೆಳಿಗ್ಗೆ, ಒಂದೇ ಸ್ಕ್ರೂಡ್ರೈವರಿನಲ್ಲಿ ಮೂರೂ ಕೋಣೆಯ ಕೆಲಸ ಮುಗಿಸಿ ನಾಲ್ಕು ಟೀ ಕುಡಿದ. ನಿರ್ದೇಶಕರ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡೂ ಬಂತು. ಗಾಜಿನ ಬದಿಯಲ್ಲಿ ಕೆಂಪು ನೀಲಿ ದೀಪಗಳು ಸುತ್ತುತ್ತಿದ್ದವು. ನಿರ್ದೇಶಕರಿಗೆ ಬಹಳ ಖುಷಿಯಾಯಿತು. ಅವರು ಅದರಲ್ಲಿ ಗಂಟೆ ನೋಡುತ್ತಿದ್ದರು.

"ಸೆಕೆಂಡಿನ ಮುಳ್ಳು ಎಷ್ಟು ಸರಾಗವಾಗಿ ಹೋಗುತ್ತೆ ನೋಡಿ. ಮೊದಲು ಎಗರಿ ಎಗರಿ ಬೀಳುತ್ತಿತ್ತು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಇತ್ತ ಶಾಲೆಗಳು ಶುರುವಾದವು. ಅತ್ತೆ ಇನ್ನೂ ಬಾಗಿಲಲ್ಲೇ ಒಂಟಿಕಾಲಲ್ಲಿ ನಿಂತಿದ್ದರು. ನೀವು ಹೊರಗಿರುವಾಗ ನಿಮ್ಮ ಯಂತ್ರದಲ್ಲಿ ಕೆಲಸ ಮಾಡಲೇ ಎಂದು ಮೇಡಂ ನಿರ್ದೇಶಕರನ್ನೇ ಕೇಳಿದರು. ನಿರ್ದೇಶಕರು ಧಾರಾಳವಾಗಿ ಒಪ್ಪಿದರು. ಆದರೆ ಮೇಲಧಿಕಾರಿಯ ಕುರ್ಚಿಯಲ್ಲಿ ಅಧೀನ ನೌಕರರು ಕೂರುವಂತಿಲ್ಲ ಎಂದು ಕಲಂ ಸಾಹೇಬರು ವಿಷಾದದಿಂದ ತಿಳಿಸಿದರು. ನಿಂತು ಮಾಡುತ್ತೇನೆ ಎಂದರು ಮೇಡಂ. ಖಾಲಿ ಕೋಣೆಯಲ್ಲಿ ಅಧೀನ ನೌಕರರು ನಿಲ್ಲುವುದಕ್ಕೂ ಒಂದು ಕಲಂ ಅಡ್ಡ ಬಂತು. ಸಾಹೇಬರಿಗೇ ಮೇಡಂ ಅವರಿಗಿಂತ ಹೆಚ್ಚು ಬೇಸರವಾಯಿತು. ಆ ದಿನ ಅವರು ತಮ್ಮ ಬಿಸ್ಕತ್ತಿನಲ್ಲಿ ಅರ್ಧವನ್ನು ಮೇಡಂ ಅವರಿಗೆ ಕೊಟ್ಟರು.

ಆ ಸಂಜೆ ಮನೆಯಲ್ಲಿ ಅತ್ತೆ ಎಂದಿನ ಪ್ರಶ್ನೆ ಕೇಳಿದರು. ಸೊಸೆ ಕುರ್ಚಿಯ ಮೇಲೆ ಬ್ಯಾಗಿಟ್ಟು, ಕಿವಿಯ ಮೇಲಿನ ಪೆನ್ಸಿಲು ತೆಗೆದಿಟ್ಟರು. ಇದನ್ನು ಮೇಡಂ ನನಗೆ ಆಮೇಲೆ ಹೇಳಿದ್ದು. ಅತ್ತೆ ಸೊಸೆಯ ಮುಖವನ್ನು ಹತ್ತಿರದಿಂದ ನೋಡಿದರಂತೆ; ದೂರದಿಂದ ಅವರಿಗೆ ಮುಖ ಕಾಣುತ್ತಿರಲಿಲ್ಲ.

"ನಾಳೆ ನಾನೇ ಬರ್ತೀನಿ ಬಿಡು," ಎಂದರು.

ಮರುದಿನ ಹನ್ನೊಂದು ಗಂಟೆಗೆ ಅವರು ಕೋಲೂರಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತರು. ಕಾಗದವಾಗಿದ್ದರೆ ನಂಬರು ಹಾಕಬಹುದಿತ್ತು. ನನಗೆ ತೋಚದೆ ನೇರ ನಿರ್ದೇಶಕರ ಕೋಣೆಗೆ ಕರೆದುಕೊಂಡು ಹೋದೆ. ನಿರ್ದೇಶಕರು ಹಿರಿಯರನ್ನು ಕಂಡರೆ ಎದ್ದು ನಿಲ್ಲುವವರು. ಬೇರೆ ಕುರ್ಚಿಗಳ ಮೇಲೆಲ್ಲ ಕಡತಗಳಿದ್ದುದರಿಂದ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಅತ್ತೆಯ ಕಣ್ಣು ದೀಪ ಸುತ್ತುವ ಡಬ್ಬದ ಮೇಲೆ ಬಿತ್ತು.

"ಇದರಲ್ಲಿ ನಾನು ಬರ್ತೀನಾ ಸ್ವಾಮಿ?"

"ಯಾಕೆ ಬರಲ್ಲ ಅಮ್ಮಾ? ಕರೆಸೋಣ."

ಮೇಡಂ ಪೆನ್‌ಡ್ರೈವ್ ತಂದು, ನಿಂತುಕೊಂಡೇ ಒಂದು ತುಣುಕು ಹಾಕಿದರು. ಕಲಂ ಸಾಹೇಬರೂ ಬಾಗಿಲಿಗೆ ಬಂದರು. ಪರದೆಯ ಮೇಲೆ ಬಾಗಿಲು ತೆರೆಯಿತು. ಹೊಗೆ ಬಂತು. ಮುದುಕಿ ಕಾಲು ಎತ್ತಿದರು, ಮತ್ತು ಇಟ್ಟರು. ಒಂದು ಮೆಟ್ಟಿಲು, ಇನ್ನೊಂದು. ಗೋಡೆಗೆ ಕೈ ಸವರುತ್ತ, ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಎಲ್ಲೂ ತಡವರಿಸದೆ ಇಳಿಯುತ್ತಲೇ ಹೋದರು. ಅತ್ತೆ ಪರದೆಗೆ ಮೂಗು ತಗಲುವಷ್ಟು ಬಾಗಿ ಪ್ರತಿ ಮೆಟ್ಟಿಲನ್ನೂ ಬೆರಳು ಮಡಚಿ ಎಣಿಸಿದರು. ಹದಿನಾರೂ ಇದ್ದವು.

"ಚೆನ್ನಾಗೇ ಇಳಿದಿದ್ದೀನಲ್ಲ!" ಎಂದರು. ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡರು. ಆಮೇಲೆ, "ಇಷ್ಟು ಚೆನ್ನಾಗಿ ಓಡೋ ಮೆಷಿನ್ ಇಟ್ಕೊಂಡು ಇವಳನ್ನ ಯಾಕೆ ಆ ಡಕೋಟಾ ಡಬ್ಬದಲ್ಲಿ ಒದ್ದಾಡಿಸ್ತೀರಿ? ಇಲ್ಲೇ ಕೂತು ಮಾಡಬಾರದಾ?" ಎಂದರು.

"ಅವರು ಸಿಬ್ಬಂದಿ ತಾಯೀ," ಎಂದರು ಕಲಂ ಸಾಹೇಬರು. "ಈ ಕುರ್ಚಿಯಲ್ಲಿ ಕೂರೋ ಹಾಗಿಲ್ಲ."

"ಮತ್ತೆ ನಾನು ಕೂತಿದ್ದೀನಲ್ಲಪ್ಪಾ?"

"ನೀವು ಅತಿಥಿ."

"ಹಾಗಾದ್ರೆ ಅವಳನ್ನೂ ಅತಿಥಿ ಮಾಡಿ. ಅದಕ್ಕೇನು ಕಷ್ಟ?"

ಕಲಂ ಸಾಹೇಬರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡಿತು. ಅವರು ಓಡುತ್ತ ಹೋಗಿ ನಿಯಮಾವಳಿಯ ಹಳೇ ಪುಸ್ತಕ ತಂದರು. ಅದನ್ನು ನಿರ್ದೇಶಕರ ಮೇಜಿನ ಮೇಲೆ ಬಿಡಿಸಿ, ನೆಟ್ಟಗೆ ನಿಂತು ಓದಿದರು: "ಮುಖ್ಯ ಅತಿಥಿಗಳಾಗಿ ಆಗಮಿಸಿದವರಿಗೆ ಹುದ್ದೆಯ ಶ್ರೇಣಿ ಅನ್ವಯಿಸುವುದಿಲ್ಲ. ಅವರಿಗೆ ಕಚೇರಿಯ ಯಾವುದೇ ಆಸನವನ್ನೂ ಸೌಕರ್ಯವನ್ನೂ ನೀಡಬಹುದು." ನನ್ನ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಮರುದಿನದಿಂದ ವ್ಯವಸ್ಥೆ ಜಾರಿಗೆ ಬಂತು. ಕತ್ತರಿ ಮೇಡಂ ಹತ್ತು ಗಂಟೆಗೆ ಬಂದು ಹಾಜರಿ ಹಾಕುತ್ತಾರೆ. ಹತ್ತು ಗಂಟೆ ಐದು ನಿಮಿಷಕ್ಕೆ ಎರಡು ಗಂಟೆಗಳ ಅನುಮತಿ ಪಡೆದು ಗೇಟಿನ ಹೊರಗೆ ಹೋಗುತ್ತಾರೆ, ಕರ್ತವ್ಯದಲ್ಲಿರುವವರು ಅತಿಥಿಯಾಗುವಂತಿಲ್ಲವಷ್ಟೆ. ಹತ್ತೂ ಕಾಲಿಗೆ ಮುಖ್ಯ ಅತಿಥಿಯಾಗಿ ಆಗಮಿಸುತ್ತಾರೆ. ಗೇಟಿನಲ್ಲಿ ಹೂಗುಚ್ಛ ಕೊಡಲಾಗುತ್ತದೆ. ಹೂ ಪ್ಲಾಸ್ಟಿಕ್ಕಿನದು, ಹೋಗುವಾಗ ಹಿಂದಿರುಗಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಕಲಂ ಸಾಹೇಬರು ಸ್ವಾಗತ ಭಾಷಣ ಮಾಡುತ್ತಾರೆ, ನಿರ್ದೇಶಕರು ಕುರ್ಚಿ ಬಿಟ್ಟು ಕಿಟಕಿಯ ಬಳಿ ಹೋಗಿ ಪತ್ರಿಕೆ ಓದುತ್ತಾರೆ. ಪರಿಚಯ, ಪ್ರಾಸ್ತಾವಿಕ ಮಾತು, ವಂದನಾರ್ಪಣೆ ಇವೆಲ್ಲ ಕಳೆದು ಎಡಿಟಿಂಗಿಗೆ ಐವತ್ತು ನಿಮಿಷ ಉಳಿಯುತ್ತದೆ. ಆ ಯಂತ್ರಕ್ಕೆ ಐವತ್ತು ನಿಮಿಷ ಧಾರಾಳ.

ಮೊದಲ ಎರಡು ದಿನ ಮೇಡಂ ನಾಚಿಕೆಯಿಂದ ಹೂಗುಚ್ಛದ ಹಿಂದೆ ಮುಖ ಮರೆಸಿಕೊಂಡಿದ್ದರು. ಮೂರನೇ ದಿನ ಒಂದು ಒಳ್ಳೆಯ ಶಾಲು ಹೊದ್ದುಕೊಂಡು ಬಂದರು. ಎರಡನೇ ವಾರದಲ್ಲಿ ತಮ್ಮನ್ನು ಕರೆತರಲು ವಾಹನ ಬರುತ್ತಾ ಎಂದು ವಿಚಾರಿಸಿದರು.

ಹತ್ತೊಂಬತ್ತನೇ ದಿನ ಚಿತ್ರ ಮುಗಿಯಿತು. ಕಚೇರಿಯ ಸಭಾಂಗಣದಲ್ಲಿ ಮೊದಲ ಪ್ರದರ್ಶನ ನಡೆಯಿತು. ಅತ್ತೆ ಮೊದಲ ಸಾಲಿನಲ್ಲಿ ಕೂತು, ಪಕ್ಕದಲ್ಲಿದ್ದ ಉಪನಿರ್ದೇಶಕರ ತೋಳು ಹಿಡಿದು, "ಅದು ನಾನೇ, ಅದು ನಾನೇ" ಎಂದು ನಾಲ್ಕು ನಿಮಿಷವೂ ಹೇಳುತ್ತಿದ್ದರು. ಮೂರು ಸಲ ಹಾಕಿಸಿ ನೋಡಿದರು. ಇನ್ನು ಈ ಕಣ್ಣು ಹೋದರೂ ಚಿಂತೆಯಿಲ್ಲ ಎಂದು ಮನೆಗೆ ಹೋಗುವಾಗ ಸೊಸೆಯ ಕೈ ಹಿಡಿದು ಹೇಳಿದರಂತೆ. ಚಿತ್ರ ಶಾಲೆಗಳಿಗೆ ಹೋಯಿತು. ಒಂದು ಶಾಲೆಯಲ್ಲಿ ಗಂಟೆ ಹೊಡೆದ ಕೂಡಲೇ ನೂರಿಪ್ಪತ್ತು ಮಕ್ಕಳು ಕರವಸ್ತ್ರವನ್ನು ಮೂಗಿಗೆ ಹಿಡಿದು ತೆವಳುತ್ತ ಮೆಟ್ಟಿಲಿಳಿದರೆಂದು ಮುಖ್ಯೋಪಾಧ್ಯಾಯರ ಪತ್ರ ಬಂತು. ಅದಕ್ಕೂ ನಂಬರು ಹಾಕಿದ್ದೇನೆ.

ಮುಂದಿನ ಚಿತ್ರಗಳಿಗೂ ಇದೇ ವ್ಯವಸ್ಥೆ ನಡೆದಿರುವಾಗ ನಿರ್ದೇಶಕರು ನಿವೃತ್ತರಾಗಿ ಹೊಸಬರು ಬಂದರು. ಹೊಸಬರಿಗೆ ಇಲ್ಲಿನ ರೀತಿನೀತಿ ಗೊತ್ತಿರಲಿಲ್ಲ. "ಇದೇನು ರಗಳೆ? ಈ ಕಂಪ್ಯೂಟರ್ ಎತ್ತಿಕೊಂಡು ಹೋಗಿ ಎಡಿಟಿಂಗ್ ರೂಮಲ್ಲಿ ಇಡಿ. ನನಗೆ ಗಂಟೆ ನೋಡೋಕೆ ಕೈಗಡಿಯಾರ ಇದೆ," ಎಂದು ಆದೇಶ ಕೊಟ್ಟುಬಿಟ್ಟರು.

ಆದೇಶಕ್ಕೆ ಎಲ್ಲ ಶಾಖೆಗಳಿಂದಲೂ ಆಕ್ಷೇಪಣೆ ಬಂತು. ಮುಖ್ಯ ಅತಿಥಿ ವ್ಯವಸ್ಥೆಗಾಗಿ ಸ್ವಾಗತ ಸಮಿತಿ ರಚನೆಯಾಗಿತ್ತು. ಹೂಗುಚ್ಛ ಒರೆಸುವವರ ನೇಮಕವಾಗಿತ್ತು. ಅಲ್ಲದೆ ಆ ಹೊತ್ತಿಗೆ ಇನ್ನೂ ಕೆಲವರು ಈ ಅನುಕೂಲ ಪಡೆದಿದ್ದರು. ತನ್ನ ಶ್ರೇಣಿಗೆ ಸಣ್ಣ ಸ್ಪ್ಯಾನರ್ ಮಾತ್ರ ಮಂಜೂರಾಗಿದ್ದ ಪಂಪ್ ಮೆಕ್ಯಾನಿಕ್ ಬುಧವಾರ, ಶುಕ್ರವಾರ ಮುಖ್ಯ ಅತಿಥಿಯಾಗಿ ಬಂದು ದೊಡ್ಡ ಸ್ಪ್ಯಾನರ್ ಬಳಸುತ್ತಿದ್ದ. ಏಣಿ ಹತ್ತಿದರೆ ಮೇಲಧಿಕಾರಿಗಿಂತ ಎತ್ತರ ಹೋಗಬೇಕಾಗುತ್ತದೆಂದು ತಡೆಯಲ್ಪಟ್ಟಿದ್ದ ಇಬ್ಬರು ಅಗ್ನಿಶಾಮಕರೂ ಅತಿಥಿಗಳಾಗಿದ್ದರು. ಯಂತ್ರ ಸ್ಥಳಾಂತರವಾದರೆ ಇಷ್ಟು ಜನರ ಗೌರವಕ್ಕೆ ಧಕ್ಕೆ ಬರುತ್ತದೆ ಎಂದು ಎಲ್ಲರೂ ಸಹಿ ಮಾಡಿದ ಮನವಿಯಲ್ಲಿ ಮೊದಲ ಸಹಿ ಕತ್ತರಿ ಮೇಡಂ ಅವರದೇ ಇತ್ತು. ಹೊಸ ನಿರ್ದೇಶಕರು ಆದೇಶ ಹಿಂದೆಗೆದುಕೊಂಡು ಕಿಟಕಿಯ ಬಳಿ ಪತ್ರಿಕೆ ಓದಲು ಶುರುಮಾಡಿದರು.

ಹೋದ ಶುಕ್ರವಾರ ಕಲಂ ಸಾಹೇಬರಿಗೆ ಗಂಟಲು ಕಟ್ಟಿತ್ತು. ಸ್ವಾಗತದ ಜವಾಬ್ದಾರಿಯನ್ನು ನನಗೆ ವಹಿಸಿ ಲಿಖಿತ ಆದೇಶ ಕೊಟ್ಟರು. ನನಗೆ ಮಾತಾಡಿ ಅಭ್ಯಾಸವಿಲ್ಲ. ಗೇಟಿನ ಹೊರಗೆ ನಾಲ್ವರು ಮುಖ್ಯ ಅತಿಥಿಗಳು ಸಾಲಾಗಿ ನಿಂತಿದ್ದರು; ಎಲ್ಲರಿಗಿಂತ ಮುಂದೆ ಮೇಡಂ. ನಾನು ಹೂಗುಚ್ಛ ಕೊಟ್ಟು, "ಇಂದಿನ ಮುಖ್ಯ ಅತಿಥಿಗಳಿಗೆ ಇಲಾಖೆಯ ಪರವಾಗಿ ಹಾರ್ದಿಕ ಸ್ವಾಗತ," ಎಂದು ಮುಗಿಸಿ ಪಕ್ಕಕ್ಕೆ ಸರಿದೆ.

ಮೇಡಂ ಒಳಗೆ ಕಾಲಿಡಲಿಲ್ಲ.

"ಏನೋ ಬಿಟ್ಟುಹೋಯ್ತಲ್ಲ?" ಎಂದರು, ತಮ್ಮ ಎಂದಿನ ಮೆಲುದನಿಯಲ್ಲೇ.

"ಏನು ಮೇಡಂ?"

"'ತಮ್ಮ ಬಿಡುವಿಲ್ಲದ ಕಾರ್ಯಕ್ರಮಗಳ ನಡುವೆಯೂ' ಅಂತ ಇದೆ. ಅದು ಬರಲಿಲ್ಲ."

ತಪ್ಪು ನನ್ನದೇ. ಕ್ಷಮೆ ಕೇಳಿದೆ. ಈಗಲೇ ಸೇರಿಸಿಬಿಡಲೇ ಎಂದು ಕೇಳಿದೆ.

"ಬೇಡ, ಅರ್ಧಂಬರ್ಧ ಯಾಕೆ? ಮೊದಲಿಂದಲೇ ಹೇಳಿ," ಎಂದು ಮೇಡಂ ಹೂಗುಚ್ಛವನ್ನು ನನ್ನ ಕೈಗೆ ಹಿಂದಿರುಗಿಸಿ, ಗೇಟಿನಾಚೆ ನಾಲ್ಕು ಹೆಜ್ಜೆ ಹೋಗಿ, ಶಾಲು ಸರಿಮಾಡಿಕೊಂಡು, ಮತ್ತೊಮ್ಮೆ ಆಗಮಿಸತೊಡಗಿದರು. ಹಿಂದಿದ್ದ ಮೂವರೂ ಗೊಣಗದೆ ನಾಲ್ಕು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಜಾಗ ಮಾಡಿಕೊಟ್ಟರು. ಪಂಪ್ ಮೆಕ್ಯಾನಿಕ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ನಾನು ಗಂಟಲು ಸರಿಮಾಡಿಕೊಂಡೆ.